ಮೋರಿಸ್ ಹೆಸರಿನ ಕುರ್ಚಿ, ಬೇರೆಯವರ ಕೈಗೆಲಸ

ಹತ್ತೊಂಬತ್ತನೇ ಶತಮಾನದ ಕೊನೆಯಲ್ಲಿ ಇಂಗ್ಲೆಂಡಿನಲ್ಲಿ ಕೈಗೆಲಸಕ್ಕೆ ಮರಳಿ ಬೆಲೆ ತರಲು ಹೊರಟ ಆರ್ಟ್ಸ್ ಅಂಡ್ ಕ್ರಾಫ್ಟ್ಸ್ ಚಳವಳಿಯ ಫರ್ನಿಚರ್ ಎಲ್ಲ ಅಲ್ಲಿನ ವಿನ್ಯಾಸಕಾರ ವಿಲಿಯಂ ಮೋರಿಸ್ ಅವರದ್ದೇನಾ, ಬೇರೆ ಯಾರ ಕೆಲಸ ನೋಡಬೇಕು ಅಂತ ಕೇಳಿದ್ದೀರಿ.

ಮೋರಿಸ್ ಈ ಚಳವಳಿಗೆ ದಾರಿ ತೋರಿಸಿದವರು, ನಿಜ. ಆದರೆ ಅವರ ಕೈ ಪಳಗಿದ್ದು ಹೆಚ್ಚಾಗಿ ವಾಲ್‌ಪೇಪರ್ ಮತ್ತು ಬಟ್ಟೆಗಳ ಚಿತ್ತಾರದಲ್ಲಿ. ಬೆನ್ನನ್ನು ಹಿಂದಕ್ಕೆ ವಾಲಿಸಬಹುದಾದ ಪ್ರಸಿದ್ಧ 'ಮೋರಿಸ್ ಕುರ್ಚಿ' ಕೂಡ ಅವರ ವಿನ್ಯಾಸವಲ್ಲ. ಸಸೆಕ್ಸ್‌ನ ಒಬ್ಬ ಬಡಗಿಯ ಬಳಿ ಇದ್ದ ಮಾದರಿಯನ್ನು ಇಟ್ಟುಕೊಂಡು, ಮೋರಿಸ್ ಅವರ ಗೃಹಾಲಂಕಾರ ಕಂಪನಿಗಾಗಿ ಅದನ್ನು ರೂಪಿಸಿದವರು ಅವರ ಗೆಳೆಯ, ವಾಸ್ತುಶಿಲ್ಪಿ ಫಿಲಿಪ್ ವೆಬ್.

ನನ್ನನ್ನು ಕೇಳಿದರೆ, ಮೊದಲು ಅರ್ನೆಸ್ಟ್ ಗಿಮ್ಸನ್ ಮತ್ತು ಸಿಡ್ನಿ ಬಾರ್ನ್ಸ್‌ಲಿ ಅವರ ಕೆಲಸ ನೋಡಿ. ಇಬ್ಬರೂ ಲಂಡನ್ನಿನಲ್ಲಿ ತರಬೇತಿ ಪಡೆದ ವಾಸ್ತುಶಿಲ್ಪಿಗಳು. 1893ರಲ್ಲಿ ಸಿಡ್ನಿಯ ಅಣ್ಣನ ಜೊತೆ ಕಾಟ್ಸ್‌ವೋಲ್ಡ್ಸ್ ಎಂಬ ಇಂಗ್ಲೆಂಡಿನ ಹಳ್ಳಿಗಾಡಿಗೆ ಹೋಗಿ ನೆಲೆಸಿದರು. ಗಿಮ್ಸನ್ ಅದಕ್ಕೂ ಮೊದಲೇ ಫಿಲಿಪ್ ಕ್ಲಿಸೆಟ್ ಎಂಬ ಹಳ್ಳಿಯ ಮುದುಕರ ಹತ್ತಿರ ಕುರ್ಚಿ ಮಾಡೋದು ಕಲಿತಿದ್ದರು. ಆದರೂ ಮುಂದೆ ಅವರು ನಕ್ಷೆ ಬರೆಯುತ್ತಿದ್ದರು, ಪೀಟರ್ ವಾಲ್ಸ್ ಮೇಸ್ತ್ರಿಯಾಗಿದ್ದ ಕಾರ್ಖಾನೆಯಲ್ಲಿ ಬಡಗಿಗಳು ಅದನ್ನು ಮಾಡುತ್ತಿದ್ದರು. ಸಿಡ್ನಿ ಹಾಗಲ್ಲ. ತಾವೇ ಯೋಚಿಸಿ, ತಾವೇ ಕೊಯ್ದು, ತಾವೇ ಜೋಡಿಸುತ್ತಿದ್ದರು. ನನಗೆ ಅವರ ಮೇಲೆ ಪ್ರೀತಿ ಜಾಸ್ತಿ ಇರೋದು ಇದಕ್ಕೇ.

ಇವರ ಮೇಜುಗಳಲ್ಲಿ ಕೂಡಿಕೆಗಳನ್ನು ಗಮನಿಸಿ. ಒಂದು ಮರದ ತುದಿ ಇನ್ನೊಂದನ್ನು ತೂರಿ ಆಚೆ ಬಂದಿರುತ್ತದೆ. ಬೆಣೆ, ಗೂಟ, ಡವ್‌ಟೇಲ್ (ಪಾರಿವಾಳದ ಬಾಲದಂತೆ ತುದಿ ಅಗಲವಾದ ಹಲ್ಲುಗಳ ಕೂಡಿಕೆ) ಯಾವುದನ್ನೂ ಮುಚ್ಚಿಡುವುದಿಲ್ಲ. ಮೇಜು ಹೇಗೆ ನಿಂತಿದೆ ಅನ್ನೋದು ನೋಡಿದವರಿಗೆ ತಿಳಿಯಬೇಕು, ಅದೇ ಅದರ ಅಲಂಕಾರ. ಕಾಲುಗಳ ಅಂಚು ಕೆತ್ತಿರುವುದು ಕೂಡ ಸುಮ್ನೆ ಚೆಂದಕ್ಕೆ ಹುಟ್ಟಿದ್ದಲ್ಲ. ಅಲ್ಲಿನ ಗಾಡಿ ಮಾಡುವವರು ತೂಕ ಇಳಿಸಲು ಮರದ ಅಂಚನ್ನು ಹೀಗೆ ಕೆತ್ತುತ್ತಿದ್ದರು. ಮೇಜಿನ ಕಾಲುಗಳನ್ನು ಹಿಡಿದಿಡುವ ಕೆಳಗಿನ ಅಡ್ಡಪಟ್ಟಿ ಎರಡೂ ಕೊನೆಯಲ್ಲಿ ಕವಲೊಡೆಯುತ್ತದೆ, ನೋಡಿ. ಒಣಹುಲ್ಲು ಬಾಚುವ ರೈತರ ಮರದ ಸಾಧನದಿಂದ ಬಂದ ಆಕಾರ ಅದು. ಓದಿದ ವಾಸ್ತುಶಿಲ್ಪಿಗಳು ಹಳ್ಳಿಯವರ ಕೆಲಸವನ್ನು ಇಷ್ಟು ಗೌರವದಿಂದ ನೋಡಿ ಕಲಿತಿದ್ದು ದೊಡ್ಡ ವಿಷಯ ಅಲ್ವಾ?

ಕೈಗೆಲಸವಾದ್ದರಿಂದ ಬೆಲೆ ಮಾತ್ರ ಸಾಮಾನ್ಯರಿಗೆ ಎಟುಕುತ್ತಿರಲಿಲ್ಲ. ಈ ಚಳವಳಿಯ ಬಗ್ಗೆ ನನಗಿರುವ ನಿಜವಾದ ಬೇಸರ ಅದು. ಅಮೆರಿಕದ ಫರ್ನಿಚರ್ ತಯಾರಕ ಗುಸ್ಟಾವ್ ಸ್ಟಿಕ್ಲಿ ಯಂತ್ರಗಳನ್ನೂ ಬಳಸಿ, ಕ್ಯಾಟಲಾಗ್ ಮೂಲಕ ಮಾರಿದರು. ಅವರ ದಪ್ಪ ಓಕ್ ಕುರ್ಚಿಗಳನ್ನು ಗಿಮ್ಸನ್ ಕುರ್ಚಿಗಳ ಪಕ್ಕದಲ್ಲಿಟ್ಟು ಹೋಲಿಸಿ ನೋಡಿ.

ಇಂಗ್ಲೆಂಡಿಗೆ ಹೋಗುವ ಅವಕಾಶ ಸಿಕ್ಕರೆ ಚೆಲ್ಟನ್‌ಹ್ಯಾಮ್‌ನ 'ದಿ ವಿಲ್ಸನ್' ಮ್ಯೂಸಿಯಂ ತಪ್ಪಿಸಬೇಡಿ. ಅಲ್ಲಿ ಇವರ ಕೆಲಸದ ಒಳ್ಳೆಯ ಸಂಗ್ರಹವಿದೆ.