ಹತ್ತು ದಿನದಲ್ಲಿ ಆಲ್ಪ್ಸ್ ಬೆಟ್ಟವೂ ಬೇಕು, ಸಮುದ್ರವೂ ಬೇಕು. ಯಾವ ದಾರಿ ಹಿಡಿಯಲಿ?

ಅಪ್ಪ ಅಮ್ಮನನ್ನು ಕರೆದುಕೊಂಡು ಹತ್ತು ದಿನ ಯುರೋಪಿನಲ್ಲಿ ಕಾರು ಓಡಿಸಬೇಕು, ಬೆಟ್ಟ, ಕಡಲು ಎರಡೂ ನೋಡಬೇಕು ಅಂತ ಕೇಳಿದ್ದೀರಿ. ನಿಮ್ಮ ಪಟ್ಟಿಯಲ್ಲಿ ಇಟಲಿಯ ಸ್ಟೆಲ್ವಿಯೋ ಘಾಟಿ, ಅಮಾಲ್ಫಿ ಕರಾವಳಿ, ನಾರ್ವೆಯ ಅಟ್ಲಾಂಟಿಕ್ ರಸ್ತೆ ಮೂರೂ ಇವೆ. ಮೂರನ್ನೂ ಹಿಡಿಯಲು ಹೋದರೆ ಅರ್ಧ ರಜೆ ಬರೀ ಹೈವೇಯಲ್ಲೇ ಮುಗಿದುಹೋಗುತ್ತದೆ. ಮೂರನ್ನೂ ಬಿಡಿ. ಆಸ್ಟ್ರಿಯಾದ ಸಾಲ್ಜ್‌ಬರ್ಗ್‌ನಲ್ಲಿ ಕಾರು ತಗೊಂಡು, ಸ್ಲೊವೇನಿಯಾ ದಾಟಿ, ಕ್ರೊಯೇಷಿಯಾದ ಝಾದರ್‌ವರೆಗೆ ಇಳಿಯಿರಿ. ನಾವು ನಾಲ್ಕು ಜನ ಒಂದು ಸೆಪ್ಟೆಂಬರ್‌ನಲ್ಲಿ ಹೋದ ದಾರಿ ಇದೇ. ಬೆಟ್ಟ ಇಳಿದರೆ ಸಮುದ್ರ, ನಮ್ಮ ಘಟ್ಟ ಇಳಿದು ಕರಾವಳಿ ಸೇರಿದ ಹಾಗೆ.

ಮೊದಲು ಆಸ್ಟ್ರಿಯಾದ ಆಲ್ಪ್ಸ್ ದಾಟುವ ಗ್ರೋಸ್‌ಗ್ಲಾಕ್ನರ್ ರಸ್ತೆ. 1935ರಲ್ಲಿ ತೆರೆದದ್ದು. 48 ಕಿ.ಮೀ. ಉದ್ದ, 36 ಹೇರ್‌ಪಿನ್ ತಿರುವು. ಪ್ರತಿ ತಿರುವಿಗೂ ಒಂದು ನಂಬರು, ಪಕ್ಕದಲ್ಲಿ ಎಷ್ಟು ಮೀಟರ್ ಎತ್ತರ ಅನ್ನುವ ಬೋರ್ಡು. ನಮ್ಮಪ್ಪ ಒಂದೊಂದನ್ನೂ ಜೋರಾಗಿ ಓದುತ್ತಾ ಬಂದರು. ತುದಿಯ ಸುರಂಗ ಇರುವುದು 2,504 ಮೀಟರ್ ಎತ್ತರದಲ್ಲಿ. ಟೋಲ್ 40 ಯೂರೋಗಿಂತ ಜಾಸ್ತಿ. ಕೊಟ್ಟದ್ದಕ್ಕೆ ಬೇಜಾರಿಲ್ಲ, ಆದರೆ ಬೆಳಿಗ್ಗೆ ಬೇಗ ಹೋಗಿ ಇಡೀ ದಿನ ಅಲ್ಲೇ ಇರಿ. ಪಾಸ್ಟರ್ಜೆ ಹಿಮನದಿ ಕಾಣುವ ಕಡೆಗೆ ಒಂದು ಕವಲು ರಸ್ತೆ ಇದೆ, ಅದನ್ನು ತಪ್ಪಿಸಬೇಡಿ. ಹಿಮ ಯಾವ ವರ್ಷ ಎಲ್ಲಿವರೆಗೆ ಇತ್ತು ಅಂತ ಕೆಳಗೆ ಇಳಿಯುವ ಕಾಲುದಾರಿಯಲ್ಲಿ ಗುರುತು ಹಾಕಿದ್ದಾರೆ. ಈಗ ಅಲ್ಲೆಲ್ಲ ಬರೀ ಕಲ್ಲು. ಅದನ್ನು ನೋಡಿ ನಮಗೆ ನಿಜಕ್ಕೂ ಸಂಕಟವಾಯಿತು.

ಇಳಿಯುವಾಗ ನಮ್ಮ ಘಾಟಿ ಡ್ರೈವರ್‌ಗಳು ಹೇಳುವ ಮಾತೇ ಸರಿ: ಹತ್ತಿದ ಗೇರಿನಲ್ಲೇ ಇಳಿಸಿ. ಸುಮ್ನೆ ಬ್ರೇಕ್ ಮೇಲೆ ಕಾಲಿಟ್ಟುಕೊಂಡೇ ಬಂದವರ ಗಾಡಿಯಿಂದ ಪಾರ್ಕಿಂಗ್‌ನಲ್ಲಿ ಸುಟ್ಟ ವಾಸನೆ ಬರುತ್ತಿತ್ತು.

ಅಲ್ಲಿಂದ ಫಿಲಾಖ್ ಊರಿನ ಮೇಲೆ ಹಾದು ಸ್ಲೊವೇನಿಯಾದ ಕ್ರಾನ್ಸ್ಕಾ ಗೋರಾ ಊರು. ಮುಂದೆ ವರ್ಶಿಚ್ ಘಾಟಿ. 1,611 ಮೀಟರ್ ಅಷ್ಟೇ, ಆದರೆ ತಿರುವು 50. ಹತ್ತುವ ಕಡೆಯ ತಿರುವುಗಳಲ್ಲಿ ಡಾಂಬರಿಲ್ಲ, ಕಲ್ಲು ಹಾಸಿದ್ದಾರೆ, ಟೈರ್ ಗಡಗಡ ಅನ್ನುತ್ತದೆ. ಈ ರಸ್ತೆಯನ್ನು ಮೊದಲನೇ ಮಹಾಯುದ್ಧದ ಹೊತ್ತಿನಲ್ಲಿ ರಷ್ಯಾದ ಯುದ್ಧಕೈದಿಗಳ ಕೈಯಲ್ಲಿ ಮಾಡಿಸಿದರು. 1916ರ ಮಾರ್ಚ್‌ನಲ್ಲಿ ಹಿಮ ಕುಸಿದು ಅವರಲ್ಲಿ ತುಂಬಾ ಜನ ಸತ್ತರು. ಎಂಟನೇ ತಿರುವಿನ ಹತ್ತಿರ ಅವರ ನೆನಪಿಗೆ ಮರದ ಚಿಕ್ಕ ಚರ್ಚ್ ಇದೆ. ಗಾಡಿ ನಿಲ್ಲಿಸಿ ಐದು ನಿಮಿಷ ಅಲ್ಲಿ ನಿಲ್ಲಿ. ಆಚೆ ಇಳಿದರೆ ಸೋಚಾ ನದಿ. ಆ ನೀರಿನ ಹಸಿರುನೀಲಿ ಬಣ್ಣ ಫೋಟೋದಲ್ಲಿ ಸುಳ್ಳು ಅನಿಸುತ್ತದೆ, ಎದುರು ನಿಂತಾಗ ನಿಜ ಅಂತ ಗೊತ್ತಾಗುತ್ತದೆ. ಆ ಕಣಿವೆಯ ಬೊವೆಟ್ಸ್ ಊರಿನಲ್ಲಿ ಎರಡು ರಾತ್ರಿ ಉಳಿಯಿರಿ.

ಆಮೇಲೆ ಕ್ರೊಯೇಷಿಯಾದ ರಿಯೇಕಾ ಪಟ್ಟಣದ ಮೂಲಕ ಕಡಲ ದಾರಿ, ಡಿ8 ಅನ್ನುವ ರಸ್ತೆ. ಇದನ್ನು ಉತ್ತರದಿಂದ ದಕ್ಷಿಣಕ್ಕೇ ಓಡಿಸಿ. ಅಲ್ಲಿ ಗಾಡಿ ಓಡುವುದು ರಸ್ತೆಯ ಬಲಗಡೆ, ಸಮುದ್ರವೂ ಬಲಗಡೆ. ನೀರಿನ ಅಂಚಿನ ಲೇನ್ ನಿಮ್ಮದೇ ಆಗುತ್ತದೆ, ಬೇಕಾದಲ್ಲಿ ಎದುರು ಬರುವ ಗಾಡಿಗಳಿಗೆ ಅಡ್ಡ ಹೋಗದೆ ನಿಲ್ಲಿಸಬಹುದು. ಸೆನ್ಯ್‌ನಿಂದ ಕಾರ್ಲೊಬಾಗ್‌ವರೆಗಿನ ತುಂಡು ನನಗೆ ಎಲ್ಲಕ್ಕಿಂತ ಇಷ್ಟ. ಎಡಕ್ಕೆ ವೆಲೆಬಿಟ್ ಬೆಟ್ಟದ ಬಿಳಿ ಸುಣ್ಣಕಲ್ಲು, ಬಲಕ್ಕೆ ಒಂದು ಗಿಡವೂ ಕಾಣದ ಬೋಳು ದ್ವೀಪಗಳು. ಬೆಟ್ಟದಿಂದ ಬೀಸುವ ಬೂರಾ ಅನ್ನುವ ಗಾಳಿ ಸಮುದ್ರದ ಉಪ್ಪನ್ನು ಎತ್ತಿ ಎರಚುತ್ತದೆ, ಅದಕ್ಕೇ ದ್ವೀಪಗಳ ಈ ಕಡೆ ಮುಖದಲ್ಲಿ ಏನೂ ಬೆಳೆಯುವುದಿಲ್ಲ. ಬೂರಾ ಜೋರಾದರೆ ರಸ್ತೆಯನ್ನೇ ಮುಚ್ಚುತ್ತಾರೆ. ಹೊರಡುವ ಮುಂಚೆ ವಿಚಾರಿಸಿಕೊಳ್ಳಿ.

ಅಪ್ಪ ಅಮ್ಮ ಸಸ್ಯಾಹಾರಿಗಳಾದರೆ ಕ್ರೊಯೇಷಿಯಾದಲ್ಲಿ ಬ್ಲಿಟ್ವಾ ಕೇಳಿ. ಸೊಪ್ಪು, ಆಲೂಗಡ್ಡೆ ಬೇಯಿಸಿ ಬೆಳ್ಳುಳ್ಳಿ, ಆಲಿವ್ ಎಣ್ಣೆ ಹಾಕಿರುತ್ತಾರೆ. ಮೀನಿನ ಜೊತೆ ಕೊಡುವ ಪಲ್ಯ ಅದು, ಬೇರೆಯಾಗಿಯೂ ಕೊಡುತ್ತಾರೆ. ನಮ್ಮಮ್ಮ ಮೂರು ದಿನ ಅದನ್ನೇ ಖುಷಿಯಿಂದ ಊಟ ಮಾಡಿದರು.

ಓಡಿಸುವ ಬಗ್ಗೆ ಒಂದು ಎಚ್ಚರಿಕೆ. ಸ್ಟೀರಿಂಗ್ ಎಡಗಡೆ ಇರುವುದರಿಂದ ನಮ್ಮವರಿಗೆ ಗಾಡಿ ಗೊತ್ತಾಗದೆಯೇ ಬಲಕ್ಕೆ ಸರಿಯುತ್ತದೆ. ಮೊದಲ ದಿನ ನನ್ನ ಬಲಗಡೆ ಚಕ್ರ ಎರಡು ಸಲ ರಸ್ತೆಯ ಅಂಚು ಇಳಿಯಿತು. ಪಕ್ಕದಲ್ಲಿ ಕೂತವರು ಅಂಚನ್ನು ನೋಡಿ ಹೇಳುತ್ತಿರಬೇಕು. ಒಂದು ದಿನ ಬಯಲು ರಸ್ತೆಯಲ್ಲಿ ಓಡಿಸಿ ಕೈ ಪಳಗಿದ ಮೇಲೆಯೇ ಘಾಟಿ ಹತ್ತಿ. ಆಟೊಮ್ಯಾಟಿಕ್ ಕಾರು ಬೇಕಾದರೆ ತಿಂಗಳುಗಟ್ಟಲೆ ಮೊದಲೇ ಬುಕ್ ಮಾಡಿ, ಅಲ್ಲಿ ಮ್ಯಾನ್ಯುವಲ್ ಜಾಸ್ತಿ.

ಕಾಗದಪತ್ರ ಕಷ್ಟವಿಲ್ಲ. ಆರ್‌ಟಿಓದಲ್ಲಿ ಇಂಟರ್‌ನ್ಯಾಷನಲ್ ಡ್ರೈವಿಂಗ್ ಪರ್ಮಿಟ್ ಮಾಡಿಸಿ, ಒಂದು ವರ್ಷ ನಡೆಯುತ್ತದೆ. ಕ್ರೊಯೇಷಿಯಾ 2023ರ ಜನವರಿಯಿಂದ ಒಂದೇ ವೀಸಾದಲ್ಲಿ ಓಡಾಡುವ ಷೆಂಗೆನ್ ವಲಯದ ಒಳಗೇ ಇದೆ, ಯೂರೋ ಕೂಡ ನಡೆಯುತ್ತದೆ. ಗಾಡಿ ಮೂರು ದೇಶಕ್ಕೆ ಹೋಗುತ್ತದೆ ಅಂತ ಬಾಡಿಗೆ ಕಂಪನಿಗೆ ಮೊದಲೇ ಹೇಳಿ, ಬರಹದಲ್ಲಿ ತಗೊಳ್ಳಿ. ಆಸ್ಟ್ರಿಯಾ, ಸ್ಲೊವೇನಿಯಾ ಹೈವೇಗೆ ವಿನ್ಯೆಟ್ ಅನ್ನುವ ಪಾಸ್ ಬೇಕು.

ಕಾರನ್ನು ಝಾದರ್‌ನಲ್ಲೇ ಬಿಟ್ಟರೆ ದಂಡದ ಹಾಗೆ ದೊಡ್ಡ ಮೊತ್ತ ಕೇಳುತ್ತಾರೆ. ವಾಪಸ್ ಸಾಲ್ಜ್‌ಬರ್ಗ್‌ಗೆ ಹೈವೇಯಲ್ಲಿ ಸುಮಾರು 700 ಕಿ.ಮೀ. ಒಂದೇ ದಿನ ಓಡಿಸಬೇಡಿ. ದಾರಿಯಲ್ಲಿ ಬ್ಲೆಡ್ ಸರೋವರ ಸಿಗುತ್ತದೆ, ಕೊನೆಯ ರಾತ್ರಿ ಅಲ್ಲಿ ಇರಿ.