ಸ್ಲ್ಯಾಬ್ ಹಾಕುವ ಮೊದಲು ಲೆಕ್ಕ ತೋರಿಸಿ

ಪತ್ರದ ಸಾರ: ನಮ್ಮ ಕರಾವಳಿಯ ನಿವೃತ್ತ ಮಾಸ್ತರರೊಬ್ಬರ ಮನೆಯೆದುರು ಸ್ಥಳೀಯ ಸಂಸ್ಥೆಯ ಹೊಸ ಮೀನು ಮಾರುಕಟ್ಟೆ ಏಳುತ್ತಿದೆ. ಅದರ ಅಂದಾಜು ಪಟ್ಟಿ ನೋಡಬೇಕೆಂದು ಕಚೇರಿಗೆ ಹೋದರೆ, ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ ಎಂದು ಕಳುಹಿಸಿದರಂತೆ. ‘ಬಂದವರಿಗೆಲ್ಲ ಕಡತ ತೋರಿಸುತ್ತ ಕುಳಿತರೆ ಕೆಲಸ ಸಾಗುವುದು ಹೇಗೆ ಎಂದು ಎಂಜಿನಿಯರ್ ಕೇಳಿದರು. ಅದರಲ್ಲೂ ನ್ಯಾಯವಿದೆಯಲ್ಲವೇ?’ ಎಂಬುದು ಅವರ ಪ್ರಶ್ನೆ.

ಮಾಸ್ತರೇ, ತುಸು ನ್ಯಾಯವಿದೆ. ಸಣ್ಣ ಊರಿನ ಕಚೇರಿಯಲ್ಲಿ ರಸ್ತೆ, ಗಟಾರ, ನೀರು, ಕಟ್ಟಡ ಎಲ್ಲಕ್ಕೂ ಒಬ್ಬರೇ ಓಡಬೇಕಾಗುತ್ತದೆ. ಮಾಹಿತಿ ಹಕ್ಕನ್ನೇ ಹೊಟ್ಟೆಪಾಡು ಮಾಡಿಕೊಂಡು, ಸಿಕ್ಕ ಕಾಗದ ಹಿಡಿದು ಗುತ್ತಿಗೆದಾರನ ಮನೆಯ ಜಗುಲಿ ಹತ್ತುವವರೂ ಇದ್ದಾರೆ. ಆದರೆ ಅಷ್ಟಕ್ಕೇ ಕರಗಿ ಹಿಂದಿರುಗಿ ಬಂದಿರಲ್ಲ, ಅದು ನನಗೆ ಸರಿಕಾಣಲಿಲ್ಲ. ಹಂತಗಳನ್ನು ಬಿಟ್ಟು ಬರೀ ಉತ್ತರ ಬರೆದ ಹುಡುಗನಿಗೆ ನೀವು ಎಂದಾದರೂ ಪೂರ್ತಿ ಅಂಕ ಕೊಟ್ಟಿದ್ದಿರಾ?

ಸಭ್ಯವಾಗಿ ಮನೆಗೆ ಕಳುಹಿಸಲು ‘ಅರ್ಜಿ ಹಾಕಿ’ಗಿಂತ ಒಳ್ಳೆಯ ಮಾತು ಈಗ ಯಾವ ಕಚೇರಿಯಲ್ಲೂ ಇಲ್ಲ. 2005ರ ಕಾಯ್ದೆಯನ್ನು ತೆರೆದು ನೋಡಿ. ಅರ್ಜಿಯ ವಿಷಯ ಬರುವುದು 6ನೇ ಸೆಕ್ಷನ್ನಿನಲ್ಲಿ. ಅದಕ್ಕೂ ಮೊದಲು, 4ನೇ ಸೆಕ್ಷನ್ನಿನಲ್ಲಿಯೇ, ಯೋಜನೆಗಳು, ಉದ್ದೇಶಿತ ವೆಚ್ಚ, ಹಣ ಬಟವಾಡೆಯ ವರದಿ ಇವನ್ನೆಲ್ಲ ಯಾರೂ ಕೇಳದೆಯೇ ಪ್ರಕಟಿಸಬೇಕು ಎಂದಿದೆ. ಜನ ಈ ಕಾಯ್ದೆಯನ್ನು ಬಳಸುವ ಪ್ರಸಂಗವೇ ಆದಷ್ಟು ಕಡಿಮೆಯಾಗುವಂತೆ ತಾವಾಗಿಯೇ ಮಾಹಿತಿ ಕೊಡುತ್ತಿರಬೇಕು ಎಂದೂ ಇದೆ. ಸೂಚನಾ ಫಲಕದಲ್ಲಿ ಹಾಕಬಹುದು, ಪತ್ರಿಕೆಯಲ್ಲಿ ಕೊಡಬಹುದು, ಸ್ಥಳೀಯ ಭಾಷೆಯನ್ನು ಗಮನದಲ್ಲಿಟ್ಟುಕೊಳ್ಳಬೇಕು ಎಂಬಷ್ಟು ವಿವರವಾಗಿ ಬರೆದಿದ್ದಾರೆ. ಇಷ್ಟಿದ್ದೂ ನಿಮ್ಮನ್ನು ಅರ್ಜಿದಾರನನ್ನಾಗಿ ಮಾಡುವುದು ಕೃಪೆಯಲ್ಲ, ಕರ್ತವ್ಯಲೋಪ.

ಇನ್ನು ಕಾಲದ ಲೆಕ್ಕ. ಅರ್ಜಿಗೆ ಉತ್ತರ ಕೊಡಲು 30 ದಿನ. ಕೊಡದಿದ್ದರೆ ಮೊದಲ ಮೇಲ್ಮನವಿ, ಅದರ ತೀರ್ಮಾನಕ್ಕೆ ಮತ್ತೆ 30 ದಿನ, ಕಾರಣ ಬರೆದಿಟ್ಟರೆ 45. ಅಷ್ಟರಲ್ಲಿ ಸ್ಲ್ಯಾಬ್ ಹಾಕಿ, ಸೆಂಟ್ರಿಂಗ್ ಬಿಚ್ಚಿ, ಸುಣ್ಣಬಣ್ಣಕ್ಕೆ ಏಣಿ ಇಟ್ಟಿರುತ್ತಾರೆ. ನಮ್ಮದು ಉಪ್ಪುಗಾಳಿಯ ಊರು. ಕಡಲ ಗಾಳಿಗೆ ನೇರವಾಗಿ ಒಡ್ಡಿಕೊಳ್ಳುವ ಕಾಂಕ್ರೀಟಿನಲ್ಲಿ ಕಬ್ಬಿಣದ ಸರಳಿನ ಹೊರಗೆ ಕನಿಷ್ಠ 45 ಮಿಲಿಮೀಟರ್ ಹೊದಿಕೆ ಇರಬೇಕು ಎನ್ನುತ್ತದೆ ಕಾಂಕ್ರೀಟ್ ಕೆಲಸಕ್ಕಿರುವ ಭಾರತೀಯ ಮಾನದಂಡ ಐಎಸ್ 456. ಕರಾವಳಿಯಲ್ಲದ ಊರಿನಲ್ಲಿ, ಮಳೆಬಿಸಿಲು ತಾಗದ ಕಾಂಕ್ರೀಟಿಗಾದರೆ 20 ಸಾಕು. ಈ ಹೊದಿಕೆಗೆ ಮೇಸ್ತ್ರಿಗಳು ‘ಕವರ್’ ಎನ್ನುತ್ತಾರೆ. ಸರಳಿನ ಕೆಳಗೆ ಸಿಮೆಂಟಿನ ಪುಟ್ಟ ಬಿಲ್ಲೆಗಳನ್ನಿಟ್ಟು ಅದನ್ನು ಕಾಯುತ್ತಾರೆ, ಅಥವಾ ಕೈಗೆ ಸಿಕ್ಕ ಜಲ್ಲಿಕಲ್ಲನ್ನು ತುರುಕಿ ಮುಗಿಸುತ್ತಾರೆ. ಕಾಂಕ್ರೀಟ್ ಸುರಿದ ಮೇಲೆ ಬಿಲ್ಲೆಯಿತ್ತೋ ಜಲ್ಲಿಯಿತ್ತೋ ಬರಿಗಣ್ಣಿಗೆ ಗೊತ್ತಾಗುವುದಿಲ್ಲ. ಕೆಲವು ಮಳೆಗಾಲ ಕಳೆದು ತುಕ್ಕು ಉಬ್ಬಿ, ಛಾವಣಿಯ ಚಕ್ಕೆ ಮೀನಿನ ಬುಟ್ಟಿಗೆ ಬಿದ್ದಾಗ ಗೊತ್ತಾಗುತ್ತದೆ. ಅಂದಾಜು ಪಟ್ಟಿ, ನಕ್ಷೆಗಳು ಕೆಲಸದ ಜಾಗದಲ್ಲೇ ಮೊದಲ ದಿನದಿಂದ ತೂಗಾಡುತ್ತಿರಬೇಕು ಎಂದು ನಾನು ಹಟ ಹಿಡಿಯುವುದು ಇದಕ್ಕೇ.

ಬದಲಿಗೆ ತೂಗಾಡುವುದೇನು? ಕಳೆದ ತಿಂಗಳು ಒಂದು ಸಮುದಾಯ ಭವನದ ಕಾಮಗಾರಿಯ ಮುಂದೆ ನಿಂತಿದ್ದೆ. ನೀಲಿ ಫಲಕದಲ್ಲಿ ‘ಅಂದಾಜು ಮೊತ್ತ: ರೂ.’ ಎಂದು ಬರೆದು ಮುಂದೆ ಖಾಲಿ ಬಿಟ್ಟಿದ್ದರು. ‘ಮುಕ್ತಾಯದ ದಿನಾಂಕ’ದ ಎದುರೂ ಖಾಲಿ. ಪಕ್ಕದ ಶಿಲಾನ್ಯಾಸದ ಕಲ್ಲಿನಲ್ಲಿ ಮಾತ್ರ ಶಿಷ್ಟಾಚಾರದ ಪ್ರಕಾರ ಎಲ್ಲ ಹೆಸರುಗಳೂ ಇದ್ದವು, ‘ಗೌರವ ಉಪಸ್ಥಿತಿ’ಯವರೆಗೂ. ಗ್ರಾನೈಟ್ ಕೆತ್ತಿಸಲು ದುಡ್ಡಿದೆ, ಒಂದು ಅಂಕಿ ಬರೆಯಲು ಬಣ್ಣವಿಲ್ಲ.

ಇದೆಲ್ಲ ಎಂಜಿನಿಯರುಗಳ ವಿಷಯ, ನಮಗೇನು ತಿಳಿಯುತ್ತದೆ ಎಂದೂ ಬರೆದಿದ್ದೀರಿ. ನಮ್ಮ ಉತ್ತರ ಕನ್ನಡ ಜಿಲ್ಲೆಯವರು ಆಡುವ ಮಾತೇ ಇದು? ಬೇಡ್ತಿ ಜಲವಿದ್ಯುತ್ ಯೋಜನೆ ಬಂದಾಗ ಶಿರಸಿಯ ಅಡಿಕೆ ಬೆಳೆಗಾರರು 1981ರಲ್ಲಿ ವಿಜ್ಞಾನಿಗಳನ್ನು ಊರಿಗೇ ಕರೆಸಿ ಲಾಭನಷ್ಟದ ಲೆಕ್ಕ ಹಾಕಿಸಿದರು. ಯೋಜನೆ ಆಗ ಕಪಾಟು ಸೇರಿತು. ಮಾಹಿತಿ ಹಕ್ಕು ಇನ್ನೂ ಹುಟ್ಟಿರದ ಕಾಲವದು. ಅಣೆಕಟ್ಟಿನ ಲೆಕ್ಕ ಓದಿದ ಜಿಲ್ಲೆಗೆ ಮೀನು ಮಾರುಕಟ್ಟೆಯ ಲೆಕ್ಕ ದೊಡ್ಡದೇ?

ಅಧಿಕಾರಿಗಳಿಗೆ ಅಭ್ಯಾಸವಿಲ್ಲ ಎಂಬ ನೆಪವೂ ಬೇಡ. ಕಾಳಿ ನದಿಯಾಚೆಯ ಗೋವಾದಲ್ಲಿ 1997ರಲ್ಲೇ ಮಾಹಿತಿ ಹಕ್ಕಿನ ಕಾಯ್ದೆಯಿತ್ತು. ನಮ್ಮ ರಾಜ್ಯವೂ ಕೇಂದ್ರಕ್ಕಿಂತ ಮೊದಲೇ, 2000ದಲ್ಲಿ, ತನ್ನದೊಂದು ಕಾಯ್ದೆ ಮಾಡಿತ್ತು. 2024ರ ಆಗಸ್ಟ್‌ನಲ್ಲಿ ಅದೇ ಕಾಳಿಯ ಹಳೆಯ ಸೇತುವೆ ಕುಸಿಯಿತು. ಅದು ಹೆದ್ದಾರಿಯ ಸೇತುವೆ, ಊರಿನ ಸಂಸ್ಥೆಯದಲ್ಲ, ಒಪ್ಪಿದೆ. ಆದರೆ ಕೊನೆಯ ತಪಾಸಣೆ ಯಾವಾಗ ನಡೆಯಿತು, ಏನು ಕಂಡಿತು ಎಂಬುದು ಸೇತುವೆಯ ತಲೆಗೇ ಬರೆದಿರಬೇಕಾದ ಸಂಗತಿಯಲ್ಲವೇ? ಕುಸಿದ ಮೇಲೆ ಕೇಳುವ ಪ್ರಶ್ನೆಯೇ ಅದು?

ಆದರೂ ಸದ್ಯಕ್ಕೆ ನೀವು ಅರ್ಜಿ ಹಾಕಲೇಬೇಕು. ನನಗೆ ಬರೆದ ಹಾಗೆ ಪುಟಗಟ್ಟಲೆ ಬರೆಯಬೇಡಿ. ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದಗಳ ಮಿತಿ. ‘ಸಂಪೂರ್ಣ ಮಾಹಿತಿ ನೀಡಿ’ ಎಂದರೆ ಸಂಪೂರ್ಣ ಮೌನ ಸಿಗುತ್ತದೆ. ಅಂದಾಜು ಪಟ್ಟಿ, ಕಾರ್ಯಾದೇಶ, ನಡೆದ ಕೆಲಸದ ಅಳತೆ ಬರೆದಿಡುವ ‘ಅಳತೆ ಪುಸ್ತಕ’ದ ಪ್ರತಿ ಎಂದು ಹೆಸರು ಹಿಡಿದು ಕೇಳಿ. ಏಕೆ ಬೇಕು ಎಂದು ಅವರು ಕೇಳುವಂತಿಲ್ಲ. ಜೊತೆಗೆ ಕಾಮಗಾರಿಯನ್ನು ಖುದ್ದಾಗಿ ಪರಿಶೀಲಿಸಲು, ಬಳಸುತ್ತಿರುವ ಸಾಮಗ್ರಿಯ ದೃಢೀಕೃತ ಮಾದರಿ ಪಡೆಯಲು ಅವಕಾಶ ಬೇಕೆಂದು ಬರೆಯಿರಿ. ಅದೂ 2ನೇ ಸೆಕ್ಷನ್ನಿನಲ್ಲಿ ಇರುವ ಹಕ್ಕೇ. ಶುಲ್ಕ ಹತ್ತು ರೂಪಾಯಿ. ಸ್ವೀಕೃತಿಯ ಮುದ್ರೆ ಹಾಕಿಸಿಕೊಳ್ಳದೆ ಕಚೇರಿಯ ಮೆಟ್ಟಿಲು ಇಳಿಯಬೇಡಿ.