ಓದುಗರ ಪ್ರಶ್ನೆ – ನಮ್ಮ ಉತ್ತರ: ಕಲ್ಲಿನಲ್ಲಿ ಹೆಸರು ಹುಡುಕುವ ಮುನ್ನ

ಪ್ರಶ್ನೆ: ನನ್ನ ಅಜ್ಜನ ತಮ್ಮ ಸೈನ್ಯಕ್ಕೆ ಸೇರಿ 1944ರಲ್ಲಿ ಬರ್ಮಾದ ಯುದ್ಧದಲ್ಲಿ ತೀರಿಕೊಂಡರು. ಮನೆಯಲ್ಲಿ ಉಳಿದಿರುವುದು ಆರು ಮೂಲೆಯ ಒಂದು ಪದಕ ಮಾತ್ರ. ದೆಹಲಿಯ ರಾಷ್ಟ್ರೀಯ ಯುದ್ಧ ಸ್ಮಾರಕದಲ್ಲಿ ಅವರ ಹೆಸರನ್ನು ಕಣ್ಣಾರೆ ನೋಡಬೇಕೆಂದಿದ್ದೇನೆ. ಅಲ್ಲಿ ಎಳ್ಳುನೀರು ಬಿಡುವುದಕ್ಕೆ ಅವಕಾಶ ಉಂಟೆ?
– ಓದುಗರೊಬ್ಬರು, ಬದಿಯಡ್ಕ, ಕಾಸರಗೋಡು

ಉತ್ತರ: ರೈಲಿನ ಟಿಕೆಟು ಮಾಡಿಸುವ ಮೊದಲೇ ನೀವು ಬರೆದದ್ದು ಒಳ್ಳೆಯದಾಯಿತು, ಏಕೆಂದರೆ ನಿಮ್ಮ ಹಿರಿಯರ ಹೆಸರು ಆ ಸ್ಮಾರಕದಲ್ಲಿ ಸಿಗುವುದಿಲ್ಲ. 2019ರ ಫೆಬ್ರವರಿ 25ರಂದು ಉದ್ಘಾಟನೆಯಾದ ರಾಷ್ಟ್ರೀಯ ಯುದ್ಧ ಸ್ಮಾರಕವು ಸ್ವಾತಂತ್ರ್ಯದ ನಂತರ ಮಡಿದವರಿಗೆ ಮೀಸಲಾದುದು. ಅದರ ತ್ಯಾಗ ಚಕ್ರದ ಗ್ರಾನೈಟ್ ಗೋಡೆಗಳಲ್ಲಿ ಚಿನ್ನದ ಬಣ್ಣದ ಅಕ್ಷರಗಳಲ್ಲಿ ಕೆತ್ತಿರುವ 25 ಸಾವಿರಕ್ಕೂ ಮಿಕ್ಕಿದ ಹೆಸರುಗಳಲ್ಲಿ 1947–48ರ ಕಾಶ್ಮೀರ ಯುದ್ಧದಲ್ಲಿ ಮಡಿದವರಿಂದ ಹಿಡಿದು ಕಾರ್ಗಿಲ್‌ನಲ್ಲಿ ಮಡಿದವರವರೆಗೆ, ಅದರ ಈಚಿನವರೂ ಇದ್ದಾರೆ. ಪಕ್ಕದ ಇಂಡಿಯಾ ಗೇಟಿನ ಮೇಲಿನ 13 ಸಾವಿರಕ್ಕೂ ಹೆಚ್ಚು ಹೆಸರುಗಳಾದರೋ ಮೊದಲ ಮಹಾಯುದ್ಧಕ್ಕೂ 1919ರ ಅಫ್ಘಾನ್ ಯುದ್ಧಕ್ಕೂ ಸೇರಿದವು. 1944ರಲ್ಲಿ ಸತ್ತವರು ಅತ್ತಲೂ ಇಲ್ಲ, ಇತ್ತಲೂ ಇಲ್ಲ. ಇದು ಅನೇಕರಿಗೆ ದೆಹಲಿಗೆ ಹೋದ ಮೇಲೆಯೇ ತಿಳಿಯುತ್ತದೆ.

ಅವರ ದಾಖಲೆ ಇರಬೇಕಾದದ್ದು ಕಾಮನ್‌ವೆಲ್ತ್ ವಾರ್ ಗ್ರೇವ್ಸ್ ಕಮಿಷನ್ ಎಂಬ ಸಂಸ್ಥೆಯಲ್ಲಿ. ಎರಡು ಮಹಾಯುದ್ಧಗಳಲ್ಲಿ ಮಡಿದವರ ಸಮಾಧಿ, ಸ್ಮಾರಕಗಳನ್ನು ನೋಡಿಕೊಳ್ಳುವ ಈ ಸಂಸ್ಥೆಯ ಜಾಲತಾಣದಲ್ಲಿ ಯಾರು ಬೇಕಾದರೂ ಹಣ ಕೊಡದೆ ಹುಡುಕಬಹುದು. ಬರ್ಮಾದಲ್ಲಿ ಸತ್ತು ಸಮಾಧಿಯ ಗುರುತು ಸಿಗದ ಸುಮಾರು 27 ಸಾವಿರ ಮಂದಿಯ ಹೆಸರು ಯಾಂಗೂನ್ ನಗರದ ಉತ್ತರಕ್ಕಿರುವ ಟಾಕ್‌ಚಾನ್ ಎಂಬಲ್ಲಿನ ರಂಗೂನ್ ಸ್ಮಾರಕದ ಕಂಬಗಳ ಮೇಲಿದೆ. ದಹನವಾದ ಸೈನಿಕರಿಗೆ ಅದೇ ಆವರಣದಲ್ಲಿ ಬೇರೆ ಸ್ಮಾರಕವಿದೆ. ಒಂದು ವೇಳೆ ಅವರು ಗಡಿ ದಾಟುವ ಮುನ್ನ, ಕೊಹಿಮಾದ ಕಾಳಗದಲ್ಲಿ ಮಡಿದಿದ್ದರೆ, ಅಲ್ಲಿನ ದಹನ ಸ್ಮಾರಕದ 917 ಹಿಂದೂ ಮತ್ತು ಸಿಖ್ ಸೈನಿಕರ ಹೆಸರುಗಳಲ್ಲಿ ಹುಡುಕಬೇಕು. ನಾಗಾಲ್ಯಾಂಡಿನ ಪ್ರಯಾಣಕ್ಕೆ ಪಾಸ್‌ಪೋರ್ಟ್ ಬೇಕಿಲ್ಲ.

ಹುಡುಕುವಾಗ ಎರಡು ಎಚ್ಚರಿಕೆಗಳು. ಕಾಸರಗೋಡು 1956ರ ನವೆಂಬರ್ 1ರವರೆಗೆ ದಕ್ಷಿಣ ಕನ್ನಡ ಜಿಲ್ಲೆಯ ತಾಲೂಕಾಗಿದ್ದುದರಿಂದ, ಊರಿನ ಹೆಸರು ಬರೆದಿದ್ದರೆ ಅದರ ಮುಂದೆ ‘ಸೌತ್ ಕೆನರಾ’ ಎಂದಿರುತ್ತದೆಯೇ ಹೊರತು ಕೇರಳ ಎಂದಲ್ಲ. ಎರಡನೆಯದಾಗಿ, ನಮ್ಮ ಕಡೆಯ ಹೆಸರುಗಳನ್ನು ಸೈನ್ಯದ ಗುಮಾಸ್ತರು ಕಿವಿಗೆ ಬಿದ್ದಂತೆ ಇಂಗ್ಲಿಷಿನಲ್ಲಿ ಬರೆದುಕೊಂಡಿರುವುದುಂಟು. ಶೆಟ್ಟಿ ಚೆಟ್ಟಿಯಾಗಿ, ಭಟ್ಟ ಬಟ್ ಆಗಿ ಕುಳಿತಿರಬಹುದು. ಆದ್ದರಿಂದ ಹೆಸರಿಗಿಂತ ಸೈನಿಕ ಸಂಖ್ಯೆಯನ್ನೇ ನಂಬುವುದು ಲೇಸು. ಆ ಸಂಖ್ಯೆ ನಿಮ್ಮ ಮನೆಯಲ್ಲೇ ಇರಬಹುದು. ಪದಕದ ನಡುವಿನ ಉಂಗುರದಲ್ಲಿ ‘ಬರ್ಮಾ ಸ್ಟಾರ್’ ಎಂಬ ಅಕ್ಷರಗಳಿವೆಯೇ ನೋಡಿ, ಅನಂತರ ಅದನ್ನು ಮಗುಚಿ ಬೆಳಕಿಗೆ ಓರೆಯಾಗಿ ಹಿಡಿಯಿರಿ. ಭಾರತೀಯ ಸೈನಿಕರ ಪದಕಗಳಲ್ಲಿ ಸಂಖ್ಯೆ, ದರ್ಜೆ, ಹೆಸರು, ದಳ ಇಷ್ಟನ್ನೂ ಸಣ್ಣ ಅಕ್ಷರಗಳಲ್ಲಿ ಕೆತ್ತಿಸುವ ವಾಡಿಕೆಯಿತ್ತು. ದಯವಿಟ್ಟು ಹುಣಸೆಹುಳಿ ಹಾಕಿ ತಿಕ್ಕಬೇಡಿ. ದೇವರ ದೀಪ ಬೆಳಗಿದಂತೆ ಬೆಳಗಿ ಅಕ್ಷರ ಸವೆಸಿಕೊಂಡ ಮನೆಗಳೂ ಇವೆ.

ಎಳ್ಳುನೀರಿನ ಮಾತು. ಸ್ಮಾರಕದ ಕಲ್ಲಿನ ಮುಂದೆ ಕೈಮುಗಿಯುವುದು, ಹೆಸರನ್ನು ಬೆರಳಿನಿಂದ ಸವರುವುದು ತಪ್ಪಲ್ಲ; ನೀರು, ಎಳ್ಳು, ಕುಂಕುಮ, ಎಣ್ಣೆ ಮಾತ್ರ ಬೇಡ. ಮಹಾಲಯ ಪಕ್ಷದಲ್ಲಿ ಶಸ್ತ್ರದಿಂದ ಮಡಿದವರಿಗೆಂದೇ ಘಾತ ಚತುರ್ದಶಿ ಇದೆ. ಹಾಗೆ ಮಡಿದವರ ತಿಥಿ ತಿಳಿಯದಿದ್ದರೂ ಆ ದಿನ ಸಲ್ಲುತ್ತದೆ. ಅದನ್ನು ನಿಮ್ಮ ಮನೆಯ ಬಾವಿಕಟ್ಟೆಯಲ್ಲೇ ಮಾಡಬಹುದು, ದೆಹಲಿಯವರೆಗೆ ಹೋಗಬೇಕಾಗಿಲ್ಲ.

ಪ್ರಶ್ನೆ: ಇಂಡಿಯಾ ಗೇಟಿನ ಅಡಿಯ ಅಮರ ಜವಾನ್ ಜ್ಯೋತಿಯನ್ನು ಆರಿಸಿದ್ದಾರೆಂದು ನೆರೆಯವರು ಹೇಳುತ್ತಾರೆ. ನಿಜವೇ?
– ಓದುಗರೊಬ್ಬರು, ಉಪ್ಪಳ

ಉತ್ತರ: 1972ರ ಜನವರಿ 26ರಿಂದ ಅಲ್ಲಿ ಉರಿಯುತ್ತಿದ್ದ ಜ್ಯೋತಿಯನ್ನು 2022ರ ಜನವರಿ 21ರಂದು ಪಂಜಿನಲ್ಲಿ ಒಯ್ದು ರಾಷ್ಟ್ರೀಯ ಯುದ್ಧ ಸ್ಮಾರಕದ ಜ್ಯೋತಿಯೊಂದಿಗೆ ಸೇರಿಸಿದರು. ತಲೆಕೆಳಗಾಗಿ ನಿಲ್ಲಿಸಿದ್ದ ಬಂದೂಕು ಮತ್ತು ಅದರ ಮೇಲಿನ ಶಿರಸ್ತ್ರಾಣವನ್ನು ಅದೇ ವರ್ಷದ ಮೇ ತಿಂಗಳಲ್ಲಿ ಆ ಸ್ಮಾರಕದ ಪರಮ ಯೋಧಾ ಸ್ಥಳಕ್ಕೆ, ಎಂದರೆ ಪರಮವೀರ ಚಕ್ರ ಪಡೆದವರ ಪುತ್ಥಳಿಗಳಿರುವ ಜಾಗಕ್ಕೆ, ಸಾಗಿಸಲಾಯಿತು. ಎರಡರ ನಡುವೆ ಅರ್ಧ ಕಿಲೋಮೀಟರ್ ಕೂಡ ಇಲ್ಲ, ನಡೆದೇ ಹೋಗಬಹುದು.